ಬೋರ್ಡಿನ ಮೇಲೆ ‘ಡಾ.’ ಎಂದಿದ್ದರೆ ಸಾಕೇ? ವೈದ್ಯರ ನೋಂದಣಿಯನ್ನು ಪರಿಶೀಲಿಸುವ ಬಗೆ

ಅಡಕೆಚಪ್ಪರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹೊಸನಗರ ತಾಲ್ಲೂಕಿನಲ್ಲಿದೆ. ಬಸ್ಸು ನಿಲ್ಲುವ ಪೇಟೆಗೆ ಮನೆಯಿಂದ ಏಳು ಕಿಲೋಮೀಟರ್. ಆ ಪೇಟೆಯಲ್ಲಿ ಎರಡು ವರ್ಷದ ಹಿಂದೆ ಒಂದು ಕ್ಲಿನಿಕ್ ಶುರುವಾಯಿತು. ಅಲ್ಲಿ ಕೂರುವವರಿಗೆ ಮೂವತ್ತೈದರ ಆಸುಪಾಸು ವಯಸ್ಸು. ಮಾತು ಮೃದು, ರಾತ್ರಿ ಎಂಟರವರೆಗೂ ಬಾಗಿಲು ತೆರೆದಿರುತ್ತದೆ, ಕೈಯಲ್ಲಿ ಹಣವಿಲ್ಲದಿದ್ದರೆ ಕೊಯ್ಲು ಮುಗಿದ ಮೇಲೆ ಕೊಡಿ ಎನ್ನುತ್ತಾರೆ. ಊರಿನಲ್ಲಿ ಅವರ ಬಗ್ಗೆ ಒಳ್ಳೆಯ ಮಾತೇ ಇದೆ.

ನನ್ನ ತಾಯಿಗೆ ಅರವತ್ತೆಂಟು ವರ್ಷ. ಮಂಡಿನೋವಿಗೆಂದು ಹತ್ತು ತಿಂಗಳಿಂದ ಅವರ ಮದ್ದನ್ನೇ ತೆಗೆದುಕೊಳ್ಳುತ್ತಿದ್ದಾರೆ. ಚೀಟಿ ಬರೆಯುವ ಪದ್ಧತಿ ಅಲ್ಲಿಲ್ಲ. ಕಾಗದದ ಪೊಟ್ಟಣದಲ್ಲಿ ಬಿಡಿ ಮಾತ್ರೆಗಳನ್ನು ಕಟ್ಟಿ ಕೊಡುತ್ತಾರೆ. ಮೊದಲ ವಾರದಲ್ಲೇ ನೋವು ಇಳಿದು ಅಮ್ಮ ತೋಟದ ತನಕ ನಡೆದು ಹೋಗುವಂತಾದಾಗ ನಮಗೂ ಸಂತೋಷವಾಗಿತ್ತು. ಆದರೆ ಈಗ ಮುಖ ಊದಿ ಉರುಟಾಗಿದೆ, ತೋಳಿನ ಚರ್ಮ ತೆಳ್ಳಗಾಗಿ ಸ್ವಲ್ಪ ತಗುಲಿದರೂ ನೀಲಿಗಟ್ಟುತ್ತದೆ, ಹಿಂದೆಂದೂ ಇಲ್ಲದ ಸಕ್ಕರೆ ಮೊನ್ನೆ ಪರೀಕ್ಷಿಸಿದಾಗ 260 ಬಂದಿತು.

ಆಗ ನನಗೆ ಮೊದಲ ಬಾರಿಗೆ ಅವರ ಬೋರ್ಡನ್ನು ಸರಿಯಾಗಿ ಓದಬೇಕು ಎನಿಸಿತು. ‘ಡಾ.’ ಎಂದಿದೆ, ಹೆಸರಿದೆ, ಹೆಸರಿನ ಮುಂದೆ ನಾಲ್ಕೈದು ಅಕ್ಷರಗುಚ್ಛಗಳಿವೆ, ಕೊನೆಯಲ್ಲಿ ‘ಆರ್‌ಎಂಪಿ’ ಎಂದಿದೆ. ಎಂಬಿಬಿಎಸ್ ಎಂಬುದು ಎಲ್ಲೂ ಕಾಣಲಿಲ್ಲ. ವಿಚಾರಿಸೋಣ ಎಂದರೆ, ಕೈಗುಣ ಇರುವವರ ಹತ್ತಿರ ಯಾರಾದರೂ ಸರ್ಟಿಫಿಕೇಟು ಕೇಳುತ್ತಾರೆಯೇ ಎಂದು ತಂದೆಯವರು ನನ್ನನ್ನೇ ಗದರಿದರು.

ತಿಳಿದವರು ದಯವಿಟ್ಟು ಹೇಳಿ. ವೈದ್ಯರಿಗೆ ಪರವಾನಗಿ ಕೊಡುವವರು ಯಾರು? ಒಬ್ಬರಿಗೆ ಅದು ಇದೆಯೋ ಇಲ್ಲವೋ ಎಂಬುದನ್ನು ನನ್ನಂತಹ ಸಾಮಾನ್ಯರು, ಜಗಳವಾಡದೆ, ತಿಳಿದುಕೊಳ್ಳಲು ಸಾಧ್ಯವೇ?

ಹಳೇಕಡತ

ಆರೋಗ್ಯ ಇಲಾಖೆಯ ಕಚೇರಿಯೊಂದರಲ್ಲಿ ಬಹಳ ವರ್ಷ ಕಡತ ನೋಡಿ ನಿವೃತ್ತನಾದವನು ನಾನು, ವೈದ್ಯನಲ್ಲ. ಕಾಗದಪತ್ರದ ಮಟ್ಟಿಗೆ ನನಗೆ ಗೊತ್ತಿರುವುದನ್ನು ಬರೆಯುತ್ತೇನೆ, ಚಿಕಿತ್ಸೆಯ ಮಾತನ್ನು ವೈದ್ಯರೇ ಹೇಳಲಿ.

ಪದವಿ ಬೇರೆ, ನೋಂದಣಿ ಬೇರೆ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷದ ಓದು ಮತ್ತು ಒಂದು ವರ್ಷದ ಇಂಟರ್ನ್‌ಶಿಪ್. ಇಂಟರ್ನ್‌ಶಿಪ್ ಮಾಡುವಾಗ ತಾತ್ಕಾಲಿಕ ನೋಂದಣಿ ಮಾತ್ರ ಇರುತ್ತದೆ. ಪದವಿ ಕೈಗೆ ಬಂದ ಮೇಲೆ ರಾಜ್ಯದ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ದಾಖಲಾದರೆ ಮಾತ್ರ ಸ್ವತಂತ್ರವಾಗಿ ರೋಗಿಗಳನ್ನು ನೋಡುವ ಹಕ್ಕು ಬರುತ್ತದೆ. ನಮ್ಮಲ್ಲಿ ಆ ಕೆಲಸವನ್ನು 1961ರ ಕರ್ನಾಟಕ ವೈದ್ಯಕೀಯ ನೋಂದಣಿ ಕಾಯ್ದೆಯ ಅಡಿಯಲ್ಲಿ ಬೆಂಗಳೂರಿನಲ್ಲಿರುವ ಕರ್ನಾಟಕ ವೈದ್ಯಕೀಯ ಪರಿಷತ್ತು ಮಾಡುತ್ತದೆ. ದೇಶದ ಮಟ್ಟದಲ್ಲಿ ಮೊದಲು ಭಾರತೀಯ ವೈದ್ಯಕೀಯ ಪರಿಷತ್ತು ಇತ್ತು. 2020ರ ಸೆಪ್ಟೆಂಬರ್ 25ರಿಂದ ಅದರ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿದೆ. ಎಲ್ಲ ರಾಜ್ಯಗಳ ವೈದ್ಯರ ಹೆಸರುಗಳು ಸೇರುವ ರಾಷ್ಟ್ರೀಯ ವಹಿ ಇರುವುದು ಆ ಆಯೋಗದ ನೀತಿ ಮತ್ತು ನೋಂದಣಿ ಮಂಡಳಿಯ ಸುಪರ್ದಿಯಲ್ಲಿ. ವಿದೇಶದಲ್ಲಿ ಓದಿ ಬಂದವರು ಇಲ್ಲಿ ಅರ್ಹತಾ ಪರೀಕ್ಷೆಯೊಂದನ್ನು ಪಾಸು ಮಾಡಿದ ಮೇಲಷ್ಟೇ ಈ ಪಟ್ಟಿಗೆ ಬರಬಹುದು.

ಇನ್ನು ನಿಮ್ಮ ಬೋರ್ಡಿನ ‘ಆರ್‌ಎಂಪಿ’. ಕಾನೂನಿನ ಭಾಷೆಯಲ್ಲಿ ಅದರ ಅರ್ಥ ನೋಂದಾಯಿತ ವೈದ್ಯ ವೃತ್ತಿನಿರತ ಎಂದು. ಹಳ್ಳಿಗಳಲ್ಲಿ ಅದನ್ನು ಗ್ರಾಮೀಣ ವೈದ್ಯ ಎಂದು ತಿರುಗಿಸಿಕೊಂಡು, ಎಲ್ಲಿಯೂ ನೋಂದಾಯಿಸಿಕೊಳ್ಳದವರೂ ಹಾಕಿಕೊಳ್ಳುತ್ತಾರೆ. ಆದ್ದರಿಂದ ಆ ಮೂರಕ್ಷರಕ್ಕೆ ಜೊತೆಯಲ್ಲಿ ಸಂಖ್ಯೆಯಿಲ್ಲದಿದ್ದರೆ ಬೆಲೆಯೂ ಇಲ್ಲ. ಕೆಲವು ತಿಂಗಳ ತರಬೇತಿಯ ಸಮುದಾಯ ಆರೋಗ್ಯ ಸರ್ಟಿಫಿಕೇಟುಗಳು, ಎಲೆಕ್ಟ್ರೋಪಥಿ, ‘ಪರ್ಯಾಯ ವೈದ್ಯದಲ್ಲಿ ಎಂಡಿ’ ಮುಂತಾದವು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಾಗ ಬಹಳ ಭರ್ಜರಿಯಾಗಿ ಕಾಣುತ್ತವೆ, ಆದರೆ ಅವುಗಳ ಬಲದ ಮೇಲೆ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಆಗುವುದಿಲ್ಲ.

ಹಾಗಾಗಿ ನೀವು ಕೇಳಬೇಕಾದದ್ದು ಸರ್ಟಿಫಿಕೇಟನ್ನಲ್ಲ, ನೋಂದಣಿ ಸಂಖ್ಯೆಯನ್ನು. ಇದರಲ್ಲಿ ಅವಮಾನದ ಪ್ರಶ್ನೆಯೇ ಇಲ್ಲ, ಏಕೆಂದರೆ ಆ ಸಂಖ್ಯೆಯನ್ನು ಕ್ಲಿನಿಕ್‌ನಲ್ಲಿ ಕಾಣುವಂತೆ ಹಾಕಬೇಕು, ಔಷಧ ಚೀಟಿ, ಪ್ರಮಾಣಪತ್ರ ಮತ್ತು ರಸೀದಿಗಳ ಮೇಲೂ ನಮೂದಿಸಬೇಕು ಎಂದು ವೈದ್ಯರ ವೃತ್ತಿನೀತಿಯ 2002ರ ನಿಯಮಗಳೇ ಹೇಳುತ್ತವೆ. ನೇರವಾಗಿ ಕೇಳಲು ಸಂಕೋಚವಾದರೆ, ವಿಮೆಗೋ ಮಗನ ಕಚೇರಿಗೋ ಬೇಕು ಎಂದು ಹೇಳಿ ರಸೀದಿ ಕೇಳಿ. ನೋಂದಾಯಿತ ವೈದ್ಯರು ಒಂದು ನಿಮಿಷದಲ್ಲಿ ಸೀಲು ಹೊಡೆದು ಕೊಡುತ್ತಾರೆ.

ಸಂಖ್ಯೆ ಸಿಕ್ಕಿದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿರುವ ಭಾರತೀಯ ವೈದ್ಯಕೀಯ ವಹಿಯಲ್ಲಿ ರಾಜ್ಯದ ಪರಿಷತ್ತನ್ನು ಆರಿಸಿ ಆ ಸಂಖ್ಯೆಯನ್ನು ಹುಡುಕಿ. ಖರ್ಚಿಲ್ಲ, ಯಾರ ಅನುಮತಿಯೂ ಬೇಡ. ಸಂಖ್ಯೆ ಸಿಗದಿದ್ದರೆ ಹೆಸರಿನಿಂದ ಹುಡುಕಬಹುದು, ಆದರೆ ಕನ್ನಡದ ಹೆಸರುಗಳಿಗೆ ಅದು ಸುಲಭದ ದಾರಿಯಲ್ಲ. ಮಂಜುನಾಥ ಎಂಬ ಹೆಸರಿನ ಇಂಗ್ಲಿಷ್ ಕಾಗುಣಿತದ ಕೊನೆಗೆ ಒಂದು ‘ಎ’ ಇರಬಹುದು, ಇಲ್ಲದಿರಬಹುದು. ಇನಿಷಿಯಲ್ಲುಗಳು ಹೆಸರಿನ ಹಿಂದೆಯೂ ಬರಬಹುದು, ಮುಂದೆಯೂ ಬರಬಹುದು. ಮದುವೆಯಾದ ಮೇಲೆ ಹೆಸರು ಬದಲಿಸಿಕೊಂಡ ವೈದ್ಯೆಯರು ಹಳೆಯ ಹೆಸರಿನಲ್ಲೇ ಉಳಿದಿರಬಹುದು. ಊರಿನ ಹೆಸರನ್ನೂ ನೆಚ್ಚಬೇಡಿ. 2014ರ ನವೆಂಬರ್ 1ರಂದು ಅಧಿಕೃತವಾಗಿ ಶಿವಮೊಗ್ಗ ಆಗುವ ತನಕ ಇಂಗ್ಲಿಷಿನಲ್ಲಿ ನಾವೆಲ್ಲ ‘ಶಿಮೊಗ’ದವರೇ ಆಗಿದ್ದೆವು, ಹಳೆಯ ವಿಳಾಸಗಳು ಹಾಗೆಯೇ ಇರುತ್ತವೆ. ಹೆಸರು ಸಿಕ್ಕಿದ ಕೂಡಲೇ ನಿಲ್ಲಿಸದೆ ತಂದೆಯ ಹೆಸರು, ಪದವಿ, ವಿಶ್ವವಿದ್ಯಾಲಯ, ಪದವಿ ಪಡೆದ ವರ್ಷ ಇವಿಷ್ಟನ್ನೂ ಓದಿ. ಒಂದೇ ಹೆಸರಿನ ಹತ್ತು ಮಂದಿ ವೈದ್ಯರಿರುವ ನಾಡು ನಮ್ಮದು. ಪಟ್ಟಿಯಲ್ಲಿರುವ ಮನುಷ್ಯನೂ ನಿಮ್ಮೆದುರು ಕುಳಿತವರೂ ಒಬ್ಬರೇ ಎಂಬುದನ್ನು ಆ ವಿವರಗಳೇ ಹೇಳಬೇಕು.

ಎರಡು ಗೊಂದಲಗಳನ್ನು ಇಲ್ಲಿಯೇ ಬಿಡಿಸಿಬಿಡುತ್ತೇನೆ. ಚೀಟಿಯ ಮೇಲೆ ‘ಕೆಎಂಸಿ’ ಎಂದು ಬರೆದು ಸಂಖ್ಯೆ ಹಾಕಿದ್ದರೆ ಅದು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಇಂಗ್ಲಿಷ್ ಹೆಸರಿನ ಸಂಕ್ಷೇಪ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನೂ ಕೆಎಂಸಿ ಎಂದೇ ಕರೆಯುವುದರಿಂದ, ಘಟ್ಟ ಇಳಿದು ಅಲ್ಲಿಗೆ ಹೋಗಿ ರೂಢಿಯಾದ ನಮ್ಮವರು ಅದನ್ನು ನೋಡಿ, ಇವರು ಮಣಿಪಾಲದಲ್ಲಿ ಓದಿದವರು ಎಂದುಕೊಳ್ಳುತ್ತಾರೆ. ಹಾಗೆಯೇ, ವಹಿಯಲ್ಲಿ ಎಂಬಿಬಿಎಸ್ ಎದುರಿಗೆ ಕುವೆಂಪು ವಿಶ್ವವಿದ್ಯಾಲಯ ಎಂದು ಕಂಡರೆ, ಆ ವಿಶ್ವವಿದ್ಯಾಲಯವಿರುವ ಶಂಕರಘಟ್ಟದಲ್ಲಿ ವೈದ್ಯಕೀಯ ಕಾಲೇಜು ಎಲ್ಲಿದೆ ಎಂದು ಅನುಮಾನಿಸಬೇಡಿ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟುವ ಮೊದಲು ವೈದ್ಯಕೀಯ ಕಾಲೇಜುಗಳು ಆಯಾ ಭಾಗದ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ದಾವಣಗೆರೆಯಲ್ಲಿ ಆ ಕಾಲದಲ್ಲಿ ಓದಿದವರ ಪದವಿ ಕುವೆಂಪು ವಿಶ್ವವಿದ್ಯಾಲಯದ್ದಾಗಿರಬಹುದು. ಅದೇ ಮಾತನ್ನು ತಿರುಗಿಸಿ ಹೇಳುವುದಾದರೆ, 2015ರಲ್ಲಿ ಓದು ಮುಗಿಸಿದೆ ಎನ್ನುವವರ ಎಂಬಿಬಿಎಸ್ ಮೇಲೆ ಆ ಹೆಸರಿದ್ದರೆ ಅನುಮಾನಿಸಲೇಬೇಕು.

ವ್ಯಕ್ತಿಯ ನೋಂದಣಿಯ ಜೊತೆಗೆ ಜಾಗದ ನೋಂದಣಿಯೂ ಇದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಕಚೇರಿಯಲ್ಲಿ ನಾವೆಲ್ಲ ಕೆಪಿಎಂಇ ಎನ್ನುತ್ತಿದ್ದೆವು, ಒಂದೇ ಕೋಣೆಯ ಕ್ಲಿನಿಕ್‌ಗೂ ಅನ್ವಯಿಸುತ್ತದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಆ ನೋಂದಣಿ ಕೊಡುತ್ತದೆ, ಕೆಲಸವೆಲ್ಲ ನಡೆಯುವುದು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ. ಆ ಪ್ರಮಾಣಪತ್ರವೂ ಗೋಡೆಯ ಮೇಲಿರಬೇಕು.

ಮಳೆಗಾಲದ_ವೈದ್ಯೆ

ನಾನು ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ನೋಂದಣಿಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ನಿಮ್ಮ ತಾಯಿಯವರ ವಿಷಯ.

ದಯವಿಟ್ಟು ಆ ಮಾತ್ರೆಗಳನ್ನು ಇವತ್ತೇ ಥಟ್ಟನೆ ನಿಲ್ಲಿಸಬೇಡಿ. ಉರುಟಾದ ಮುಖ, ತೆಳುವಾದ ಚರ್ಮ, ಹೊಸದಾಗಿ ಏರಿದ ಸಕ್ಕರೆ, ಮೊದಲ ವಾರದಲ್ಲೇ ಮಾಯವಾದ ನೋವು, ಇವೆಲ್ಲವನ್ನೂ ಒಟ್ಟಿಗೆ ಓದಿದಾಗ ಪೊಟ್ಟಣದಲ್ಲಿ ಪ್ರೆಡ್ನಿಸೊಲೋನ್ ಅಥವಾ ಡೆಕ್ಸಾಮೆಥಾಸೋನ್‌ನಂತಹ ಸ್ಟೀರಾಯ್ಡ್ ಇರಬಹುದೆಂಬ ಬಲವಾದ ಅನುಮಾನ ನನಗೆ ಬರುತ್ತದೆ. ನೋಡದೆ ಇಷ್ಟಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಹೊರಗಿನಿಂದ ಬರುತ್ತಿದ್ದರೆ ಮೂತ್ರಪಿಂಡದ ಮೇಲಿನ ಗ್ರಂಥಿಗಳು ತಮ್ಮ ಪಾಲಿನ ಹಾರ್ಮೋನ್ ತಯಾರಿಸುವುದನ್ನು ನಿಲ್ಲಿಸಿಬಿಡುತ್ತವೆ. ಆಗ ಸಿಟ್ಟಿನಲ್ಲಿ ಪೊಟ್ಟಣವನ್ನು ಒಲೆಗೆ ಎಸೆದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಉಳಿದ ಮಾತ್ರೆಗಳನ್ನು ಪೊಟ್ಟಣದ ಸಮೇತ ತೆಗೆದುಕೊಂಡು ನಾಳೆಯೇ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹೋಗಿ ಫಿಜಿಷಿಯನ್‌ಗೆ ತೋರಿಸಿ. ಪ್ರಮಾಣವನ್ನು ಹಂತಹಂತವಾಗಿ ಇಳಿಸುವುದು ಅವರ ಮೇಲ್ವಿಚಾರಣೆಯಲ್ಲೇ ಆಗಬೇಕು.

ಈಗ ನೋಂದಣಿ. ಹಳೇಕಡತದವರು ಬರೆದದ್ದಕ್ಕೆ ಒಂದು ಮಾತು ಸೇರಿಸುವುದು ಅಗತ್ಯ ಎನಿಸುತ್ತದೆ. ನೋಂದಣಿ ಇದೆಯೇ ಎಂದು ಕೇಳಿದರೆ ಸಾಲದು, ಯಾವ ಪದ್ಧತಿಯಲ್ಲಿ ಎಂದೂ ಕೇಳಬೇಕು. ಆಯುರ್ವೇದ ಮತ್ತು ಯುನಾನಿಗೆ ರಾಜ್ಯದಲ್ಲಿ ಬೇರೆ ಮಂಡಳಿಯಿದೆ, ಹೋಮಿಯೋಪಥಿಗೆ ಬೇರೆ, ದಂತವೈದ್ಯರಿಗೆ ದಂತವೈದ್ಯಕೀಯ ಪರಿಷತ್ತು ಬೇರೆ. ಆಯುರ್ವೇದದ ಪದವಿಯಾದ ಬಿಎಎಂಎಸ್ ಓದಿದ ಸಹೋದ್ಯೋಗಿಯೊಬ್ಬರ ಹೆಸರನ್ನು ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಹುಡುಕಿ, ಸಿಗಲಿಲ್ಲವೆಂದು ಅವರನ್ನು ನಕಲಿ ಎಂದ ಪ್ರಸಂಗವನ್ನು ನಾನೇ ಕಂಡಿದ್ದೇನೆ. ಅವರು ನಕಲಿಯಲ್ಲ, ಹುಡುಕಿದ ಪಟ್ಟಿ ತಪ್ಪು. ಆದರೆ ಒಂದು ಪದ್ಧತಿಯಲ್ಲಿ ನೋಂದಾಯಿಸಿಕೊಂಡವರು ಇನ್ನೊಂದರ ಔಷಧ ಬರೆಯುವುದು ಬೇರೆಯದೇ ಪ್ರಶ್ನೆ. ಹೋಮಿಯೋಪಥಿ ಮಾತ್ರ ಓದಿದವರು ಅಲೋಪಥಿ ಔಷಧ ಕೊಟ್ಟ ಪ್ರಕರಣವೊಂದರಲ್ಲಿ, ಅದು ತನ್ನಷ್ಟಕ್ಕೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಸರ್ಕಾರಿ ಕೇಂದ್ರಗಳಲ್ಲಿ ಸರ್ಕಾರವೇ ನೇಮಿಸಿದ ಆಯುಷ್ ವೈದ್ಯರ ವಿಚಾರವನ್ನು ತಂದು ಖಾಸಗಿ ಕ್ಲಿನಿಕ್‌ಗೆ ಅಂಟಿಸಲು ಬರುವುದಿಲ್ಲ.

ತಜ್ಞರೆಂದು ಹೇಳಿಕೊಳ್ಳುವವರಾದರೆ ಎಂಡಿ, ಎಂಎಸ್, ಡಿಎನ್‌ಬಿ ಮುಂತಾದ ಹೆಚ್ಚುವರಿ ಅರ್ಹತೆಗಳನ್ನೂ ಪರಿಷತ್ತಿನಲ್ಲಿ ದಾಖಲಿಸಿರಬೇಕು. ಇನ್ನು ನಮ್ಮ ಮೇಲೂ ಸ್ವಲ್ಪ ದಯೆಯಿರಲಿ. ಆಯೋಗದ ಪಟ್ಟಿಯಲ್ಲಿ ಹೊಸಬರ ಹೆಸರು ಕಾಣಿಸಿಕೊಳ್ಳುವುದು ತಡವಾಗುತ್ತದೆ. 2024ರ ಆಗಸ್ಟ್‌ನಲ್ಲಿ ಆಧಾರ್ ಜೋಡಣೆಯೊಂದಿಗೆ ಶುರುವಾದ ಹೊಸ ರಾಷ್ಟ್ರೀಯ ವಹಿಗೆ ಪ್ರತಿಯೊಬ್ಬ ವೈದ್ಯರೂ ಮತ್ತೆ ಅರ್ಜಿ ಹಾಕಬೇಕಾದ್ದರಿಂದ, ಅಲ್ಲಿ ಹೆಸರಿಲ್ಲದ ಎಷ್ಟೋ ಮಂದಿ ಯೋಗ್ಯ ವೈದ್ಯರಿದ್ದಾರೆ. ಹೆಸರು ಸಿಗದಿದ್ದರೆ ರಾಜ್ಯದ ಪರಿಷತ್ತನ್ನೇ ಕೇಳಿ ಆಮೇಲೆ ತೀರ್ಮಾನಕ್ಕೆ ಬನ್ನಿ. ಹಾಗೆಯೇ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ನಿರಂತರ ವೈದ್ಯಕೀಯ ಶಿಕ್ಷಣದ ಅಂಕಗಳು ಬೇಕು. ರಾಷ್ಟ್ರೀಯ ಪಟ್ಟಿಯ ಹಳೆಯ ನಮೂದು ಇದನ್ನೆಲ್ಲ ಹೇಳುವುದಿಲ್ಲ. ನೋಂದಣಿ ಕೈಗುಣಕ್ಕೆ ಖಾತರಿಯಲ್ಲ ಎಂಬ ಮಟ್ಟಿಗೆ ನಿಮ್ಮ ತಂದೆಯವರ ಮಾತು ಸರಿ. ತಪ್ಪಾದಾಗ ಹೆಸರು ಹಿಡಿದು ಕೇಳಬಹುದಾದ ಒಬ್ಬ ಮನುಷ್ಯ ಇದ್ದಾನೆ ಎಂಬುದಕ್ಕೆ ಮಾತ್ರ ಅದು ಖಾತರಿ.

ಘಟ್ಟದ_ಗಾಳಿ

ಮೇಲಿನವರ ಮಾತುಗಳನ್ನು ಒಪ್ಪುತ್ತೇನೆ, ಆದರೂ ಒಂದು ತಕರಾರಿದೆ. ಜುಲೈ ತಿಂಗಳಲ್ಲಿ, ಮರ ಬಿದ್ದು ರಸ್ತೆ ಮುಚ್ಚಿ, ಕರೆಂಟೂ ನೆಟ್‌ವರ್ಕೂ ಇಲ್ಲದ ರಾತ್ರಿಯಲ್ಲಿ ಮಗುವಿಗೆ ಜ್ವರ ಬಂದರೆ ಯಾವ ವಹಿಯನ್ನು ತೆರೆದು ನೋಡುವುದು? ಬೋರ್ಡಿಲ್ಲದ, ಸಂಖ್ಯೆಯಿಲ್ಲದ ಒಬ್ಬರು ಬೈಕಿನಲ್ಲಿ ಬಂದು ಇಂಜೆಕ್ಷನ್ ಕೊಟ್ಟು ಹೋದದ್ದರಿಂದಲೇ ನಾವು ಬೆಳೆದದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ಹುದ್ದೆ ಖಾಲಿ ಬಿಟ್ಟು, ಇರುವವರ ಕಾಗದ ಕೇಳಿ ಎಂದರೆ ಹೇಗೆ? ನಾಟಿ ವೈದ್ಯರನ್ನೂ ಇದೇ ತಕ್ಕಡಿಯಲ್ಲಿ ತೂಗುತ್ತೀರಾ?

ಮಳೆಗಾಲದ_ವೈದ್ಯೆ

ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಖಾಲಿ ಹುದ್ದೆಯ ಭಾರ ಪಕ್ಕದ ಕೇಂದ್ರದಲ್ಲಿರುವ ನನ್ನಂತಹವರ ಮೇಲೂ ಬೀಳುತ್ತದೆ. ಆದರೆ ಜ್ವರದ ಉದಾಹರಣೆಯನ್ನು ನೀವೇ ಕೊಟ್ಟದ್ದರಿಂದ ಹೇಳುತ್ತೇನೆ: ನಮ್ಮ ಭಾಗದ ಜ್ವರ ಬರೀ ಜ್ವರವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆಗೆ ಮೊದಲು ಬಂದೇ ಬರುತ್ತದೆ, ಮಳೆಗಾಲದಲ್ಲಿ ಇಲಿ ಜ್ವರ ಇದೆ, ಡೆಂಗಿ ಇದೆ. ಮಂಗನ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವದ ಭಯವಿರುವಾಗ, ಮೈಕೈ ನೋವಿಗೆಂದು ಆಸ್ಪಿರಿನ್ ಜಾತಿಯ ನೋವು ನಿವಾರಕ ಕೊಡುವುದು ಕೇಡು. ಇಲಿ ಜ್ವರಕ್ಕೆ ಬೇಗ ಆಂಟಿಬಯಾಟಿಕ್ ಸಿಗಬೇಕು. ಎಲ್ಲಕ್ಕೂ ಒಂದು ಇಂಜೆಕ್ಷನ್, ಒಂದು ಗ್ಲೂಕೋಸ್ ಬಾಟಲಿ ಎಂದು ಮೂರು ದಿನ ಕಳೆದು ನಮ್ಮಲ್ಲಿಗೆ ಬಂದವರನ್ನು ನೋಡಿದ್ದೇನೆ. ಆ ಮೂರು ದಿನವನ್ನು ಯಾವ ಆಸ್ಪತ್ರೆಯೂ ವಾಪಸ್ಸು ಕೊಡಲಾರದು.

ನಾಟಿ ವೈದ್ಯರು ಬೇರು ನಾರು ಕೊಟ್ಟರೆ ಅದರ ಚರ್ಚೆಯೇ ಬೇರೆ. ಸ್ಟೀರಾಯ್ಡ್ ಪುಡಿ ಮಾಡಿ ಬೇರಿನ ಹೆಸರು ಹೇಳಿದರೆ ನನ್ನ ಆಕ್ಷೇಪ.

ಹಳೇಕಡತ

ದೂರಿನ ದಾರಿಯನ್ನು ಮೊದಲ ಉತ್ತರದಲ್ಲಿ ಬಿಟ್ಟಿದ್ದೆ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ವೈದ್ಯಕೀಯ ಪರಿಷತ್ತು ವಿಚಾರಣೆ ಮಾಡುವುದು ತನ್ನ ವಹಿಯಲ್ಲಿರುವವರನ್ನು. ತಪ್ಪು ಕಂಡುಬಂದರೆ ಹೆಸರನ್ನು ಕೆಲವು ಕಾಲ ಅಥವಾ ಶಾಶ್ವತವಾಗಿ ತೆಗೆದುಹಾಕಬಹುದು. ವಹಿಯಲ್ಲೇ ಇಲ್ಲದವರಿಂದ ತೆಗೆಯಲು ಏನಿದೆ? ಅಂಥವರ ಮೇಲಿನ ದೂರು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಅಥವಾ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಹೋಗಬೇಕು, ಅಗತ್ಯವಿದ್ದರೆ ಪೊಲೀಸರಿಗೂ. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸುವವರಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ 34ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಸೆರೆವಾಸ, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ದೂರನ್ನು ಬರಹದಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರು ಕಚೇರಿಯ ಮೆಟ್ಟಿಲಿನಲ್ಲೇ ಉಳಿಯುತ್ತದೆ, ಇದು ನನ್ನ ಸೇವೆಯ ಅನುಭವ.

ನೋಂದಾಯಿತ ವೈದ್ಯರ ವಿಚಾರದಲ್ಲಿ ಇನ್ನೊಂದು ಹಕ್ಕಿದೆ. ಒಳರೋಗಿಯ ದಾಖಲೆಗಳನ್ನು ಅವರು ಮೂರು ವರ್ಷ ಇಟ್ಟಿರಬೇಕು, ನೀವು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಪರಿಹಾರದ ಹಣ ಬೇಕೆಂದರೆ ಜಿಲ್ಲಾ ಗ್ರಾಹಕರ ಆಯೋಗ. ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಮಾನಿಸಿದೆ.

ಅಡಕೆಚಪ್ಪರ

ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಮರುದಿನವೇ ಅಮ್ಮನನ್ನು ಮೆಗ್ಗಾನ್‌ಗೆ ಕರೆದುಕೊಂಡು ಹೋದೆವು. ಮಾತ್ರೆಗಳನ್ನು ನೋಡಿದ ಫಿಜಿಷಿಯನ್ ಹೇಳಿದ್ದೂ ಸ್ಟೀರಾಯ್ಡ್ ಎಂದೇ. ಈಗ ಅವರು ಬರೆದುಕೊಟ್ಟ ಲೆಕ್ಕದಂತೆ ಪ್ರಮಾಣವನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತಿದ್ದೇವೆ, ಸಕ್ಕರೆಗೂ ಮಾತ್ರೆ ಶುರುವಾಗಿದೆ. ಮಂಡಿನೋವು ಮಾತ್ರ ಮೊದಲಿಗಿಂತ ಜೋರಾಗಿ ಮರಳಿ ಬಂದಿದೆ.

ಪೇಟೆಯ ಕ್ಲಿನಿಕ್‌ಗೆ ನಾನೊಬ್ಬನೇ ಹೋಗಿ ರಸೀದಿ ಕೇಳಿದೆ. ಎರಡು ಸಲ ನಾಳೆ ಬನ್ನಿ ಎಂದರು, ಮೂರನೆಯ ಸಲ ಒಂದು ಚೀಟಿಯ ಮೇಲೆ ಸಂಖ್ಯೆ ಬರೆದು ಕೊಟ್ಟರು. ಮನೆಗೆ ಬಂದು ವಹಿಯಲ್ಲಿ ಹಾಕಿದರೆ ಹೆಸರು ಅಕ್ಷರಶಃ ಹೊಂದಿಕೊಂಡಿತು. ತಂದೆಯವರು ಪಕ್ಕದಲ್ಲೇ ಕುಳಿತಿದ್ದರು, ನೋಡಿದೆಯಾ ಎಂಬಂತೆ ನನ್ನ ಮುಖ ನೋಡಿದರು. ಹಳೇಕಡತದವರ ಮಾತು ನೆನಪಾಗಿ ಕೆಳಗಿನ ಸಾಲುಗಳನ್ನೂ ಓದಿದೆ. ಎಂಬಿಬಿಎಸ್, ಮೈಸೂರು ವಿಶ್ವವಿದ್ಯಾಲಯ, 1974. ಮೂವತ್ತೈದರ ಮನುಷ್ಯ ತಾನು ಹುಟ್ಟುವ ಮೊದಲೇ ಪದವಿ ಪಡೆದಂತಾಯಿತು. ತಂದೆಯವರು ಕನ್ನಡಕ ತೆಗೆದು ಒರೆಸಿ, ಆ ವರ್ಷವನ್ನು ಮತ್ತೊಮ್ಮೆ ಓದಿಸಿಕೊಂಡು, ಏನೂ ಹೇಳದೆ ಎದ್ದು ಕೊಟ್ಟಿಗೆಯ ಕಡೆಗೆ ಹೋದರು.

ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಜೊತೆಗೆ ಆ ಚೀಟಿಯ ನಕಲು, ಪುಟದ ಮುದ್ರಿತ ಪ್ರತಿ, ಆಸ್ಪತ್ರೆಯ ಚೀಟಿ ಲಗತ್ತಿಸಿದ್ದೇನೆ. ಸ್ವೀಕೃತಿಯ ಸೀಲು ಹಾಕಿಸಿಕೊಂಡಿದ್ದೇನೆ. ನಾಲ್ಕು ದಿನದಿಂದ ಕ್ಲಿನಿಕ್‌ನ ಬಾಗಿಲು ಮುಚ್ಚಿದೆ. ನಿನ್ನೆ ಹಾಲಿನ ಡೇರಿಯಲ್ಲಿ ಪಕ್ಕದ ಮನೆಯವರು, ಇನ್ನು ರಾತ್ರಿ ಹೊತ್ತು ಏನಾದರೂ ಆದರೆ ನಿನ್ನ ಮನೆಗೇ ಬರುತ್ತೇವೆ ಎಂದು ಎಲ್ಲರೆದುರು ಹೇಳಿದರು. ಅವರ ಮಾತ್ರೆಯ ಪೊಟ್ಟಣವನ್ನೂ ತಂದು ತೋರಿಸಿ, ಆದರೆ ತಾವಾಗಿ ನಿಲ್ಲಿಸಬೇಡಿ ಎಂದು ಹೇಳಿ ಬಂದೆ. ಇವತ್ತು ಬೆಳಿಗ್ಗೆ ಅವರ ಮಗಳು ಪೊಟ್ಟಣ ತಂದುಕೊಟ್ಟಿದ್ದಾಳೆ. ನೋಡಲು ನಮ್ಮದರಂತೆಯೇ ಇದೆ. ಗುರುವಾರ ಅಮ್ಮನ ಮರುಪರೀಕ್ಷೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗುತ್ತಿದ್ದೇವೆ.